ರಕ್ತದಲ್ಲಿ ಹಾರ್ಮೋನ್ ಅಷ್ಟೇ ಇದ್ದರೂ ಗರ್ಭಕೋಶ ದಿನಕ್ಕೊಂದು ಥರ ನಡೆದುಕೊಳ್ಳುವುದು ಯಾಕೆ?

ಪ್ರಶ್ನೆಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಒಂದು ಸಂಗತಿ ಎರಡು ವಾರದಿಂದ ತಲೆ ತಿನ್ನುತ್ತಿದೆ.

ಪುಸ್ತಕದಲ್ಲಿ ಸಲೀಸಾಗಿ ಬರೆದಿರುತ್ತಾರೆ. ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎರಡೂ ಸ್ಟೀರಾಯ್ಡ್. ಕೊಬ್ಬಿನಲ್ಲಿ ಕರಗುತ್ತವೆ, ಹಾಗಾಗಿ ಜೀವಕೋಶದ ಪೊರೆ ದಾಟಿ ಒಳಗೆ ಹೋಗುತ್ತವೆ. ಅಂದರೆ ರಕ್ತ ಹೋದ ಕಡೆಯೆಲ್ಲ ಹಾರ್ಮೋನೂ ಹೋಗುತ್ತದೆ. ಹಾಗಿದ್ದರೆ ಬೆದೆಯ ಹೊತ್ತಿಗೆ ಗರ್ಭಕೋಶ ಊದಿಕೊಳ್ಳುತ್ತದೆ, ತೊಡೆಯ ಸ್ನಾಯು ಯಾಕೆ ಸುಮ್ನೆ ಇರುತ್ತದೆ? "ಗರ್ಭಕೋಶದಲ್ಲಿ ರಿಸೆಪ್ಟರ್ ಇದೆ" ಅನ್ನುವ ಒಂದು ಸಾಲಿನ ಉತ್ತರ ನನಗೂ ಗೊತ್ತು. ಅದು ಸಾಲದು. ಯಾಕಂದ್ರೆ ಅದೇ ಗರ್ಭಕೋಶ ಅದೇ ಹಾರ್ಮೋನಿಗೆ ಒಂದು ವಾರ ಕುಣಿಯುತ್ತದೆ, ಮುಂದಿನ ವಾರ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಇನ್ನೊಂದು ಪ್ರಶ್ನೆ. ಗರ್ಭಕೋಶ ಹಾರ್ಮೋನಿನ ಮಾತು ಕೇಳುತ್ತದಷ್ಟೇನಾ, ಅಥವಾ ಹಾರ್ಮೋನನ್ನೇ ಬದಲಾಯಿಸಿಯೂ ಬಿಡುತ್ತದಾ? ಪಾಠದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋದರು.

ಇಲಿಮನೆ

ಎರಡನೇ ಪ್ರಶ್ನೆಯಿಂದ ಶುರು ಮಾಡೋಣ. ಮೊದಲನೆಯದರ ಉತ್ತರವೂ ಅದರೊಳಗೇ ಇದೆ.

1950ರ ದಶಕದಲ್ಲಿ ಬಹಳ ಜನ ನಂಬಿದ್ದು ಹೀಗೆ: ಈಸ್ಟ್ರಡಯಾಲ್ (ಈಸ್ಟ್ರೋಜೆನ್‌ಗಳಲ್ಲಿ ಮುಖ್ಯವಾದದ್ದು) ಜೀವಕೋಶದೊಳಗೆ ಹೋಗಿ ಈಸ್ಟ್ರೋನ್ ಎಂಬ ಇನ್ನೊಂದು ಈಸ್ಟ್ರೋಜೆನ್ ಆಗುತ್ತದೆ, ಮತ್ತೆ ಈಸ್ಟ್ರಡಯಾಲ್ ಆಗುತ್ತದೆ, ಹೀಗೆ ಆಚೀಚೆ ಆಗುವಾಗ ಎಂಜೈಮುಗಳ ನಡುವೆ ಹೈಡ್ರೋಜನ್ ಸಾಗಿಸುತ್ತದೆ. ಆ ಸಾಗಣೆಯೇ ಹಾರ್ಮೋನಿನ ಕೆಲಸ. ಅಂದರೆ ಹಾರ್ಮೋನ್ ಬದಲಾಗದೆ ಏನೂ ನಡೆಯುವುದಿಲ್ಲ ಎಂದಾಯಿತು.

ಶಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಹಾರ್ಮೋನ್ ಗರ್ಭಕೋಶಕ್ಕೆ ಏನು ಮಾಡುತ್ತದೆ ಎನ್ನುವುದು ಇರಲಿ, ಗರ್ಭಕೋಶ ಹಾರ್ಮೋನಿಗೆ ಏನು ಮಾಡುತ್ತದೆ? ಹರ್ಬರ್ಟ್ ಜೇಕಬ್ಸನ್ ಜೊತೆ ಸೇರಿ ಈಸ್ಟ್ರಡಯಾಲಿಗೆ ಟ್ರಿಷಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಸೇರಿಸಿದರು. ದೇಹದಲ್ಲಿ ಈ ಹಾರ್ಮೋನ್ ಇರುವುದೇ ಚಿಟಿಕೆಯಷ್ಟು, ಗುರುತು ಅಷ್ಟು ಜೋರಾಗಿ ಇರದಿದ್ದರೆ ಕಾಣುವುದೇ ಇಲ್ಲ. ಇನ್ನೂ ಬೆದೆಗೆ ಬಾರದ ಮರಿ ಇಲಿಗಳಿಗೆ ಅದನ್ನು ಕೊಟ್ಟು ಯಾವ ಅಂಗದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡಿದರು. ಸ್ನಾಯುವಿನಲ್ಲಿ ಬಂತು, ಹೋಯಿತು. ಗರ್ಭಕೋಶ ಮತ್ತು ಯೋನಿಯಲ್ಲಿ ಗಂಟೆಗಟ್ಟಲೆ ಕೂತುಬಿಟ್ಟಿತು. ತೆಗೆದು ಪರೀಕ್ಷಿಸಿದರೆ ಅದು ಈಸ್ಟ್ರಡಯಾಲ್ ಆಗಿಯೇ ಇತ್ತು, ಒಂದು ಚೂರೂ ಬದಲಾಗಿರಲಿಲ್ಲ. ಅಂದರೆ ಅಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಏನೋ ಒಂದು ಇರಬೇಕು. ಅದೇ ಈಸ್ಟ್ರೋಜೆನ್ ರಿಸೆಪ್ಟರ್. 1958ರಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಇದನ್ನು ಹೇಳಿದಾಗ ಕೇಳಲು ಬಂದವರು ಬೆರಳೆಣಿಕೆಯಷ್ಟು ಜನ.

ನಿಮ್ಮ ತೊಡೆಯ ಸ್ನಾಯುವಿಗೆ ಉತ್ತರ ಇದೇ. ಬಾಗಿಲು ಎಲ್ಲ ಮನೆಗೂ ಇದೆ, ಕೂರಲು ಮಣೆ ಹಾಕುವವರು ಕೆಲವರೇ.

ಸಂಶಯಪ್ಪ

ಹಾಗಿದ್ರೆ ಮುಗೀತಲ್ವಾ? ಗರ್ಭಕೋಶ ಹಾರ್ಮೋನನ್ನು ಬದಲಾಯಿಸೋದೇ ಇಲ್ಲ. ಪ್ರಶ್ನೆಗೆ ಬೀಗ.

ಕಿಣ್ವಕಾಂತೆ

ಇಲ್ಲ ಸಂಶಯಪ್ಪನವರೇ, ಬೀಗ ಹಾಕಬೇಡಿ. ಆ ಇಲಿಗಳು ಮರಿಗಳು. ಅವುಗಳ ಅಂಡಾಶಯ ಇನ್ನೂ ಪ್ರೊಜೆಸ್ಟರಾನ್ ಸುರಿಸುತ್ತಿರಲಿಲ್ಲ. ಪ್ರೊಜೆಸ್ಟರಾನ್ ಬಂದ ಮೇಲೆ ಕಥೆ ಬೇರೆ.

ಮನುಷ್ಯರ ಗರ್ಭಕೋಶದ ಒಳಪದರವನ್ನೇ ತೆಗೆದುಕೊಳ್ಳಿ. ಅಂಡ ಬಿಡುಗಡೆಯಾದ ಮೇಲೆ ಅಲ್ಲಿನ ಗ್ರಂಥಿಗಳಲ್ಲಿ 17-ಬೀಟಾ-ಹೈಡ್ರಾಕ್ಸಿಸ್ಟೀರಾಯ್ಡ್ ಡಿಹೈಡ್ರೋಜಿನೇಸ್ ಟೈಪ್ 2 ಎಂಬ ಎಂಜೈಮ್ ಒಂದೇ ಸಮನೆ ಏರುತ್ತದೆ. (ಹೆಸರು ಕೇಳಿ ಓಡಬೇಡಿ, ಇನ್ನು ಮುಂದೆ 'ಟೈಪ್ 2' ಅಂತಷ್ಟೇ ಬರೆಯುತ್ತೇನೆ.) ಅದರ ಕೆಲಸ ಶಕ್ತಿಯುಳ್ಳ ಈಸ್ಟ್ರಡಯಾಲನ್ನು ಸಪ್ಪೆ ಈಸ್ಟ್ರೋನ್ ಮಾಡುವುದು. ಅದನ್ನು ಏರಿಸುವುದು ಪ್ರೊಜೆಸ್ಟರಾನೇ. ಅಂದರೆ ಒಂದು ಹಾರ್ಮೋನ್ ಬಂದು ಇನ್ನೊಂದರ ಸದ್ದು ಅಡಗಿಸುತ್ತಿದೆ, ಅದೂ ಜೀವಕೋಶದ ಒಳಗೇ. ರಕ್ತಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ.

ಇಷ್ಟೇ ಅಲ್ಲ. ಈಸ್ಟ್ರೋಜೆನ್ನಿಗೆ ಸಲ್ಫೇಟ್ ಅಂಟಿಸುವ ಸಲ್ಫೋಟ್ರಾನ್ಸ್‌ಫರೇಸ್ ಅನ್ನುವ ಎಂಜೈಮ್ ಇದೆ. ಹಂದಿಯ ಗರ್ಭಕೋಶದಲ್ಲಿ ಪ್ರೊಜೆಸ್ಟರಾನ್ ಇದನ್ನೂ ಏರಿಸುತ್ತದೆ. ಸಲ್ಫೇಟ್ ಅಂಟಿದ ಈಸ್ಟ್ರೋಜೆನ್ ರಿಸೆಪ್ಟರಿಗೆ ಕೂರುವುದಿಲ್ಲ, ನೀರಿನಲ್ಲಿ ಚೆನ್ನಾಗಿ ಕರಗಿ ರಕ್ತದ ಜೊತೆ ಹೊರಟು ಹೋಗುತ್ತದೆ. ಬೇಕಾದ ಕಡೆ ಸಲ್ಫಟೇಸ್ ಎಂಬ ಎಂಜೈಮ್ ಅದನ್ನು ಕಿತ್ತು ಮತ್ತೆ ಜೀವ ಕೊಡಬಹುದು.

ಹಾಗಾಗಿ ನಾನು ಹೀಗೆ ಇಟ್ಟುಕೊಂಡಿದ್ದೇನೆ: ಈಸ್ಟ್ರೋಜೆನ್ನಿನ ಕೆಲಸ ಶುರುವಾಗಲು ಅದು ಬದಲಾಗಬೇಕಿಲ್ಲ. ಅಲ್ಲಿ ಜೆನ್ಸನ್ ಸರಿ. ಕೆಲಸ ನಿಲ್ಲಿಸಲು ಬದಲಾಗಬೇಕು. ಗರ್ಭಕೋಶದ ಜಾಣತನ ಇರುವುದು ನಿಲ್ಲಿಸುವುದರಲ್ಲಿ.

ಹಟ್ಟಿಡಾಕ್ಟ್ರು

ಮೇಡಂ ಹಂದಿಯ ಮಾತು ತೆಗೆದದ್ದು ಒಳ್ಳೆಯದಾಯಿತು. ನಾನು ಪಶುವೈದ್ಯ, ಪುಸ್ತಕಕ್ಕಿಂತ ಮೊಣಕೈವರೆಗಿನ ಕೈಗವಸಿನ ಜೊತೆ ಜಾಸ್ತಿ ಕಾಲ ಕಳೆದವನು.

ಹಂದಿಯಲ್ಲಿ ಭ್ರೂಣವೇ ಈಸ್ಟ್ರೋಜೆನ್ ತಯಾರಿಸುತ್ತದೆ, ಸುಮಾರು 11-12ನೇ ದಿನಕ್ಕೆ. "ನಾನು ಬಂದಿದ್ದೇನೆ" ಎಂದು ತಾಯಿಗೆ ಹೇಳುವ ಅದರ ಭಾಷೆ ಅದೇ. ಬಸಿರು ನಿಲ್ಲದಿದ್ದರೆ ಗರ್ಭಕೋಶ ಪ್ರೊಸ್ಟಾಗ್ಲಾಂಡಿನ್ ಎಫ್-2-ಆಲ್ಫಾವನ್ನು ರಕ್ತಕ್ಕೆ ಬಿಟ್ಟು ಅಂಡಾಶಯದ ಹಳದಿ ಗಂಟನ್ನು (ಪ್ರೊಜೆಸ್ಟರಾನ್ ತಯಾರಿಸುವುದು ಅದೇ) ಕರಗಿಸುತ್ತದೆ. ಭ್ರೂಣದ ಈಸ್ಟ್ರೋಜೆನ್ ಸಿಕ್ಕರೆ ಅದೇ ಪ್ರೊಸ್ಟಾಗ್ಲಾಂಡಿನ್ ದಿಕ್ಕು ಬದಲಿಸಿ ಗರ್ಭಕೋಶದ ಒಳಗಿನ ಟೊಳ್ಳಿಗೆ ಸುರಿಯುತ್ತದೆ. ರಕ್ತಕ್ಕೆ ಹೋಗುವುದಿಲ್ಲ, ಹಳದಿ ಗಂಟು ಉಳಿಯುತ್ತದೆ. ಬೇಜರ್ ಮತ್ತು ಥ್ಯಾಚರ್ 1977ರಲ್ಲಿ ಮುಂದಿಟ್ಟ ವಿವರಣೆ ಇದು.

ಈಗ ನೋಡಿ ಮಜಾ. ಭ್ರೂಣಗಳು ಅಷ್ಟೊಂದು ಈಸ್ಟ್ರೋಜೆನ್ ಮಾಡಿದರೆ ತಾಯಿ ಹಂದಿ ಮತ್ತೆ ಬೆದೆಗೆ ಬರಬೇಕಲ್ವಾ? ಬರುವುದಿಲ್ಲ. ಗರ್ಭಕೋಶದ ಗೋಡೆ ದಾಟುವಾಗಲೇ ಅದಕ್ಕೆ ಸಲ್ಫೇಟ್ ಅಂಟಿರುತ್ತದೆ. ತಾಯಿಯ ರಕ್ತದಲ್ಲಿ ಸಿಗುವುದು ಈಸ್ಟ್ರೋನ್ ಸಲ್ಫೇಟ್. ಮೂರು ನಾಲ್ಕು ವಾರದ ಹೊತ್ತಿಗೆ ಅದನ್ನು ಅಳೆದು ಹಂದಿ ಗಬ್ಬವೋ ಅಲ್ಲವೋ ಹೇಳಬಹುದು. ಮಾತು ಗೋಡೆಯವರೆಗೆ ಗಟ್ಟಿಯಾಗಿ ಕೇಳಬೇಕು, ಗೋಡೆಯಾಚೆ ಕೇಳಬಾರದು. ಎಂಜೈಮ್ ಮಾಡುವುದು ಅದನ್ನೇ.

ಪ್ರಶ್ನೆಪೆಟ್ಟಿಗೆ

ಅಬ್ಬಾ. ಇದು ಯಾವ ಟಿಪ್ಪಣಿಯಲ್ಲೂ ಇಲ್ಲ. ಹಸುವಿನಲ್ಲೂ ಹೀಗೇನಾ ಸರ್?

ಹಟ್ಟಿಡಾಕ್ಟ್ರು

ಹಸು, ಕುರಿಯಲ್ಲಿ ಹೀಗಲ್ಲ. ಅಲ್ಲಿ ಭ್ರೂಣ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್ ಬಿಡುತ್ತದೆ. ಅದು ನೇರ ಹಾರ್ಮೋನಿನ ತಂಟೆಗೆ ಹೋಗುವುದಿಲ್ಲ, ರಿಸೆಪ್ಟರಿನ ಕತ್ತು ಹಿಸುಕುತ್ತದೆ. ಕುರಿಯ ಗರ್ಭಕೋಶದ ಒಳಪದರದಲ್ಲಿ ಈಸ್ಟ್ರೋಜೆನ್ ರಿಸೆಪ್ಟರ್ ಏಳದಂತೆ ತಡೆಯುತ್ತದೆ. ಅದು ಏಳದಿದ್ದರೆ ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನಿನ ರಿಸೆಪ್ಟರೂ ಏಳುವುದಿಲ್ಲ. ಅದಿಲ್ಲದಿದ್ದರೆ ಪ್ರೊಸ್ಟಾಗ್ಲಾಂಡಿನ್ನಿನ ಹೊಡೆತಗಳೂ ಇಲ್ಲ. ಕುರಿಯಲ್ಲಿ 12-13ನೇ ದಿನ, ಹಸುವಿನಲ್ಲಿ ಸುಮಾರು 16ನೇ ದಿನದೊಳಗೆ ಈ ಸುದ್ದಿ ಮುಟ್ಟಬೇಕು. ತಡವಾದರೆ ಹಸುವಿಗೆ 21ಕ್ಕೆ ಮತ್ತೆ ಬೆದೆ.

ನಿಮ್ಮ ಮೊದಲ ಪ್ರಶ್ನೆಗೆ ಇಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಕರು ಹಾಕಿದ ಮೇಲೆ ಹಸುವಿನಲ್ಲಿ ಮೊದಲ ಸಲ ಅಂಡ ಬಿಡುಗಡೆಯಾದಾಗ ಆ ಚಕ್ರ ಬಹಳ ಸಲ 8ರಿಂದ 12 ದಿನಕ್ಕೇ ಮುಗಿದುಬಿಡುತ್ತದೆ. ಸಾಕಿದವರು ಬಂದು "ಈಗ ತಾನೇ ಬೆದೆಗೆ ಬಂದಿತ್ತು, ಮತ್ತೆ ಬಂತು" ಅನ್ನುತ್ತಾರೆ. ಹಳದಿ ಗಂಟಿನದು ತಪ್ಪಲ್ಲ. ಗರ್ಭಕೋಶ ಕೆಲವು ವಾರಗಳಿಂದ ಪ್ರೊಜೆಸ್ಟರಾನನ್ನೇ ಕಂಡಿರಲಿಲ್ಲ. ಹಿಂದೆ ಪ್ರೊಜೆಸ್ಟರಾನ್ ಉಂಡ ಗರ್ಭಕೋಶ ಹತ್ತು ಹದಿನಾಲ್ಕು ದಿನ ಸುಮ್ಮನಿರುತ್ತದೆ. ಉಣ್ಣದ್ದು ಅವಧಿಗೆ ಮುಂಚೆಯೇ ಆಕ್ಸಿಟೋಸಿನ್ ರಿಸೆಪ್ಟರ್ ಎತ್ತಿಕೊಂಡು ಪ್ರೊಸ್ಟಾಗ್ಲಾಂಡಿನ್ ಹೊಡೆಯುತ್ತದೆ. ಮೊದಲೇ ಕೆಲವು ದಿನ ಪ್ರೊಜೆಸ್ಟರಾನ್ ಕೊಟ್ಟಿದ್ದರೆ ಚಕ್ರ ಸರಿಹೋಗುತ್ತದೆ. ಗರ್ಭಕೋಶಕ್ಕೆ ನೆನಪಿದೆ ಅಂತಲೇ ನಾನು ಹೇಳುವುದು.

ಸಂಶಯಪ್ಪ

ಗರ್ಭಕೋಶ ಅಂಡಾಶಯವನ್ನು ಆಳುತ್ತದೆ ಅಂತೀರಲ್ಲ, ಅದಕ್ಕೆ ಪುರಾವೆ? ನಾನು ಓದಿದ್ದು ಉಲ್ಟಾ: ಅಂಡಾಶಯ ಯಜಮಾನ, ಗರ್ಭಕೋಶ ಆಳು.

ಹಟ್ಟಿಡಾಕ್ಟ್ರು

1923ರಲ್ಲಿ ಲಿಯೋ ಲೋಬ್ ಗಿನಿಯಿಲಿಗಳ ಗರ್ಭಕೋಶ ತೆಗೆದರು. ಅಂಡಾಶಯ ಮುಟ್ಟಲಿಲ್ಲ. ಹಳದಿ ಗಂಟು ಕರಗದೆ ಬಹಳ ದಿನ ಉಳಿಯಿತು. ಹಸು, ಕುರಿ, ಹಂದಿಯಲ್ಲೂ ಹಾಗೇ. ಮನುಷ್ಯರು ಮತ್ತು ನಾಯಿಯಲ್ಲಿ ಹೀಗಾಗುವುದಿಲ್ಲ, ಅಲ್ಲಿ ಹಳದಿ ಗಂಟು ತನ್ನ ಪಾಡಿಗೆ ತಾನೇ ಮುದಿಯಾಗುತ್ತದೆ.

ಬಾಲದಗೆಳತಿ

ನಾಯಿ ಅಂದ್ರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬಿತ್ತು. ಬೆದೆ ಮುಗಿದು ಒಂದೂವರೆ ತಿಂಗಳಾಗಿತ್ತು. ಒಂದೇ ಸಮನೆ ನೀರು ಕುಡಿಯುತ್ತಿದ್ದಳು, ನಾನು ಸೆಕೆಗೆ ಅಂದುಕೊಂಡೆ. ಗಂಡಿನ ಹತ್ತಿರವೇ ಹೋಗಿರಲಿಲ್ಲ, ಮರಿಯ ಪ್ರಶ್ನೆಯೇ ಇಲ್ಲ. ಆಪರೇಷನ್ ಮಾಡಿ ತೆಗೆದರು, ಈಗ ಚೆನ್ನಾಗಿದ್ದಾಳೆ. "ಹಾರ್ಮೋನ್ ಏರುಪೇರು" ಅಂದರು. ಆದರೆ ರಕ್ತದಲ್ಲಿ ಹಾರ್ಮೋನ್ ಎಲ್ಲ ಸರಿಯಾಗಿಯೇ ಇತ್ತು. ಏನಿದು?

ಹಟ್ಟಿಡಾಕ್ಟ್ರು

ಅಮ್ಮಾ, ಆ ಎರಡೂ ಮಾತು ಒಟ್ಟಿಗೆ ನಿಜ ಇರಬಹುದು. ನಾಯಿಯಲ್ಲಿ ಬಸಿರಿರಲಿ ಬಿಡಲಿ, ಬೆದೆಯ ನಂತರ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಇರುತ್ತದೆ. ಅದು ರೋಗವಲ್ಲ, ಆ ಜಾತಿಯ ರೀತಿ. ಆ ಎರಡು ತಿಂಗಳಲ್ಲಿ ಗರ್ಭಕೋಶದ ಗ್ರಂಥಿಗಳು ಬರದೇ ಇರುವ ಮರಿಗೆ ರಸ ಸುರಿಸುತ್ತವೆ, ಸ್ನಾಯು ಮಲಗುತ್ತದೆ, ಗರ್ಭಕೋಶದ ಬಾಯಿ ಮುಚ್ಚುತ್ತದೆ, ಅಲ್ಲಿನ ರೋಗನಿರೋಧಕ ಕಾವಲೂ ಸಡಿಲವಾಗುತ್ತದೆ. ಬೆದೆಯಲ್ಲಿ ಬಾಯಿ ತೆರೆದಿದ್ದಾಗ ಒಳಗೆ ಹೋದ ಇ. ಕೋಲೈ ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಕೀವು ತುಂಬಿದ ನಾಯಿಯ ರಕ್ತದಲ್ಲಿ ಹಾರ್ಮೋನ್ ಆರೋಗ್ಯವಂತ ನಾಯಿಯಷ್ಟೇ ಇರುವುದು ಸಾಮಾನ್ಯ. ಪ್ರತಿ ಬೆದೆಯಲ್ಲೂ ಈಸ್ಟ್ರೋಜೆನ್, ಅದರ ಬೆನ್ನಿಗೆ ಎರಡು ತಿಂಗಳ ಪ್ರೊಜೆಸ್ಟರಾನ್, ಹೀಗೆ ವರ್ಷಗಟ್ಟಲೆ ಉಂಡ ಗರ್ಭಕೋಶ ದಪ್ಪವಾಗಿ ಅಲ್ಲಲ್ಲಿ ನೀರುಗುಳ್ಳೆ ಕಟ್ಟಿಕೊಂಡಿರುತ್ತದೆ. ಎಡವಟ್ಟು ಅಲ್ಲಿ.

ಅಗ್ಲೆಪ್ರಿಸ್ಟೋನ್ ಎಂಬ ಔಷಧಿ ಇರುವುದೂ ಇದಕ್ಕೇ. ಅದು ಪ್ರೊಜೆಸ್ಟರಾನನ್ನು ಕಡಿಮೆ ಮಾಡುವುದಿಲ್ಲ, ರಿಸೆಪ್ಟರಿನ ಮೇಲೆ ತಾನು ಕೂತು ಜಾಗ ಬಿಡುವುದಿಲ್ಲ. ರಕ್ತದಲ್ಲಿ ಹಾರ್ಮೋನ್ ಹಾಗೇ ಇದ್ದರೂ ಗರ್ಭಕೋಶದ ಬಾಯಿ ತೆರೆದುಕೊಳ್ಳುತ್ತದೆ. ಬೆದೆಯಾದ ಒಂದೆರಡು ತಿಂಗಳಲ್ಲಿ ನಾಯಿ ವಿಪರೀತ ನೀರು ಕುಡಿದರೆ ಕಾಯಬೇಡಿ, ಅದೇ ದಿನ ತೋರಿಸಿ. ಬೇರೆಯವರೂ ಓದಲಿ ಅಂತ ಬರೆದೆ.

ಬಾಲದಗೆಳತಿ

ಥ್ಯಾಂಕ್ಸ್ ಡಾಕ್ಟ್ರೇ. ಎರಡು ದಿನ ಕಾದಿದ್ದೆ. ಅದು ಇನ್ನೂ ಚುಚ್ಚುತ್ತದೆ.

ಇಲಿಮನೆ

ಎಲ್ಲರೂ ಗರ್ಭಕೋಶವನ್ನು ಒಂದೇ ಮುದ್ದೆ ಅನ್ನುವ ಹಾಗೆ ಮಾತಾಡುತ್ತಿದ್ದೇವೆ. ಅದು ಹಾಗಿಲ್ಲ. ಒಳಗಿನ ಗೆರೆಯಲ್ಲಿ ಎಪಿಥೀಲಿಯಂ ಎಂಬ ತೆಳು ಹೊದಿಕೆ, ಅದರ ಕೆಳಗೆ ಅದಕ್ಕೆ ಆಧಾರವಾದ ಸ್ಟ್ರೋಮಾ ಎಂಬ ಪದರ, ಹೊರಗೆ ಸ್ನಾಯು. ಮೂರಕ್ಕೂ ಬೇರೆ ಬೇರೆ ಕಿವಿ.

ಇಲಿಗೆ ಈಸ್ಟ್ರಡಯಾಲ್ ಕೊಟ್ಟರೆ ಮೊದಲ 6 ಗಂಟೆಯಲ್ಲಿ ಗರ್ಭಕೋಶ ನೀರು ಕುಡಿದು ಊದುತ್ತದೆ. ರಕ್ತನಾಳಗಳು ಹಿಗ್ಗಿ ಸೋರುತ್ತವೆ. ಇದು ನಿಜವಾದ ಬೆಳವಣಿಗೆ ಅಲ್ಲ. ಜೀವಕೋಶಗಳು ಡಿಎನ್‌ಎ ನಕಲು ಮಾಡಿ ಒಡೆಯಲು ಹೊರಡುವುದು ಹೆಚ್ಚುಕಡಿಮೆ ಒಂದು ದಿನದ ಹೊತ್ತಿಗೆ. ತೂಕ ನೋಡಿ ಯಾವ ರಾಸಾಯನಿಕ ಈಸ್ಟ್ರೋಜೆನ್ನಿನಂತೆ ನಡೆದುಕೊಳ್ಳುತ್ತದೆ ಎಂದು ಪತ್ತೆ ಮಾಡುವ ಪರೀಕ್ಷೆ ಇದರಿಂದಲೇ ಹುಟ್ಟಿತು. 2007ರಲ್ಲಿ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು 440ನೇ ಮಾರ್ಗಸೂಚಿಯಾಗಿ ಒಪ್ಪಿಕೊಂಡಿತು. ಅಂಥ ಪರೀಕ್ಷೆಯಲ್ಲಿ ಕೈಯಾಡಿಸಿದವನಾಗಿ ಹೇಳುತ್ತೇನೆ, ಆ ಪುಟಾಣಿ ಗರ್ಭಕೋಶದ ಸುತ್ತ ಅಂಟಿದ ಕೊಬ್ಬು ಬಿಡಿಸುವಷ್ಟರಲ್ಲಿ ಕಣ್ಣು ಕಿತ್ತು ಬರುತ್ತದೆ.

ಈಗ ನನಗೆ ಬಹಳ ಇಷ್ಟವಾದ ಪ್ರಯೋಗ. ಎಪಿಥೀಲಿಯಂ ಒಡೆದು ಹೆಚ್ಚುತ್ತದೆ ಅಂದರೆ ಅದರೊಳಗಿನ ರಿಸೆಪ್ಟರೇ ಹೇಳಿರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. 1993ರಲ್ಲಿ ಈಸ್ಟ್ರೋಜೆನ್ ರಿಸೆಪ್ಟರ್ ಆಲ್ಫಾ ಇಲ್ಲದ ಚಿಟ್ಟಿಲಿ ತಯಾರಾಯಿತು. ಕುಕ್, ಕುನ್ಹಾ ಮತ್ತು ಜೊತೆಯವರು 1997ರಲ್ಲಿ ಒಂದು ಇಲಿಯ ಎಪಿಥೀಲಿಯಂ, ಇನ್ನೊಂದರ ಸ್ಟ್ರೋಮಾ ಬಿಡಿಸಿ ಅದಲುಬದಲು ಮಾಡಿ ಜೋಡಿಸಿ, ಮತ್ತೊಂದು ಇಲಿಯ ಮೂತ್ರಪಿಂಡದ ಹೊದಿಕೆಯ ಕೆಳಗೆ ಬೆಳೆಸಿದರು. ರಿಸೆಪ್ಟರ್ ಇಲ್ಲದ ಎಪಿಥೀಲಿಯಂ ಕೂಡ ಈಸ್ಟ್ರೋಜೆನ್ನಿಗೆ ಒಡೆದು ಬೆಳೆಯಿತು, ಕೆಳಗಿನ ಸ್ಟ್ರೋಮಾದಲ್ಲಿ ರಿಸೆಪ್ಟರ್ ಇದ್ದರೆ ಸಾಕು! ಸ್ಟ್ರೋಮಾದಲ್ಲಿ ಇಲ್ಲದಿದ್ದರೆ ಎಪಿಥೀಲಿಯಂ ತನ್ನದೇ ರಿಸೆಪ್ಟರ್ ಇಟ್ಟುಕೊಂಡೂ ಕದಲಲಿಲ್ಲ. ಅಂದರೆ ಹಾರ್ಮೋನಿನ ಮಾತು ಕೇಳಿಸಿಕೊಳ್ಳುವುದು ಕೆಳಮನೆ, ಕುಣಿಯುವುದು ಮೇಲ್ಮನೆ. ನಡುವೆ ಐಜಿಎಫ್-1ರಂಥ ಬೆಳವಣಿಗೆಯ ಪ್ರೋಟೀನುಗಳು ಸುದ್ದಿ ಒಯ್ಯುತ್ತವೆ.

ಪ್ರೊಜೆಸ್ಟರಾನ್ ಅದೇ ದಾರಿಯನ್ನು ಕತ್ತರಿಸುತ್ತದೆ. ಸ್ಟ್ರೋಮಾದಲ್ಲಿ ಹ್ಯಾಂಡ್2 ಎಂಬ ಪ್ರೋಟೀನ್ ಏರಿಸಿ ಬೆಳವಣಿಗೆಯ ಸುದ್ದಿ ಮೇಲೆ ಹೋಗದಂತೆ ಮಾಡುತ್ತದೆ. ಆಗ ಎಪಿಥೀಲಿಯಂ ಬೆಳೆಯುವುದು ಬಿಟ್ಟು ಭ್ರೂಣವನ್ನು ಕೂರಿಸಿಕೊಳ್ಳಲು ಸಿದ್ಧವಾಗುತ್ತದೆ.

ಕಿಣ್ವಕಾಂತೆ

ಇದಕ್ಕೆ ಒಂದು ಮಾತು ಸೇರಿಸಲೇಬೇಕು. ಪ್ರೊಜೆಸ್ಟರಾನ್ ರಿಸೆಪ್ಟರನ್ನು ಗರ್ಭಕೋಶದಲ್ಲಿ ಎಬ್ಬಿಸುವುದು ಈಸ್ಟ್ರೋಜೆನ್. ಎದ್ದ ಮೇಲೆ ಪ್ರೊಜೆಸ್ಟರಾನ್ ಬಂದು ಮಾಡುವ ಕೆಲಸ ಈಸ್ಟ್ರೋಜೆನ್ ರಿಸೆಪ್ಟರನ್ನು ಇಳಿಸುವುದು, ಜೊತೆಗೆ ತನ್ನದೇ ರಿಸೆಪ್ಟರನ್ನೂ ಇಳಿಸುವುದು. ಬಾಗಿಲು ತೆರೆದವನನ್ನೇ ಹೊರಗೆ ಹಾಕಿ, ಆಮೇಲೆ ತಾನೂ ಹೊರಡುವ ನೆಂಟ. "ಅದೇ ಹಾರ್ಮೋನಿಗೆ ಒಂದು ವಾರ ಕುಣಿಯುತ್ತದೆ, ಇನ್ನೊಂದು ವಾರ ಕೇಳುವುದಿಲ್ಲ" ಎಂದು ಕೇಳಿದ್ದಿರಲ್ಲ, ಅದರ ಬಹುಪಾಲು ಉತ್ತರ ಇಲ್ಲಿದೆ.

ಸಂಶಯಪ್ಪ

ಸರಿ, ಒಪ್ಪಿದೆ. ಆದರೆ ಹೆರಿಗೆಯ ವಿಷಯದಲ್ಲಿ ರಕ್ತದ ಮಟ್ಟವೇ ಮುಖ್ಯ ಅಲ್ವಾ? ಪ್ರೊಜೆಸ್ಟರಾನ್ ಬಿತ್ತು, ಹೆರಿಗೆ ಆಯಿತು. ಕುರಿಯಲ್ಲಿ ಮರಿಯ ಕಾರ್ಟಿಸಾಲ್ ಏರಿ ಮಾಸು ಪ್ರೊಜೆಸ್ಟರಾನನ್ನು ಈಸ್ಟ್ರೋಜೆನ್ ಕಡೆ ತಿರುಗಿಸುತ್ತದೆ, ಅದು ಲಿಗಿನ್ಸ್ ಎಂಬ ವಿಜ್ಞಾನಿ ಕಂಡುಹಿಡಿದದ್ದು, ನಾನೂ ಓದಿದ್ದೇನೆ.

ಕಿಣ್ವಕಾಂತೆ

ಕುರಿಗೆ ಅದು ಸರಿ. ಚಿಟ್ಟಿಲಿಯಲ್ಲಿ ರಕ್ತದ ಮಟ್ಟ ಬೀಳುವುದು ಬೇಕು, ಆದರೆ ಸಾಲದು. 5-ಆಲ್ಫಾ-ರಿಡಕ್ಟೇಸ್ ಟೈಪ್ 1 ಎಂಬ ಎಂಜೈಮ್ ಇಲ್ಲದ ಇಲಿಗಳ ಬಗ್ಗೆ 1996ರಲ್ಲಿ ಮಹೇಂದ್ರೂ ಮತ್ತು ಜೊತೆಯವರು ಬರೆದರು. ದಿನ ತುಂಬಿದರೂ ಹೆರಿಗೆ ಸರಿಯಾಗಿ ಆಗುತ್ತಿರಲಿಲ್ಲ. ಆಮೇಲೆ ತಿಳಿದದ್ದು: ರಕ್ತದಲ್ಲಿ ಪ್ರೊಜೆಸ್ಟರಾನ್ ಹೊತ್ತಿಗೆ ಸರಿಯಾಗಿ ಬೀಳುತ್ತದೆ. ಗರ್ಭಕೋಶದ ಕೊರಳಿನಲ್ಲಿ ಮಾತ್ರ ಅದನ್ನು ಒಡೆಯುವವರಿಲ್ಲದೆ ಉಳಿದುಬಿಡುತ್ತದೆ, ಹಾಗಾಗಿ ಕೊರಳು ಮೆತ್ತಗಾಗುವುದಿಲ್ಲ. ರಿಪೋರ್ಟ್ ನೋಡಿದರೆ "ಸಿದ್ಧ", ಅಂಗ ನೋಡಿದರೆ "ಇನ್ನೂ ಇಲ್ಲ".

ಮನುಷ್ಯರಲ್ಲಂತೂ ಹೆರಿಗೆ ಶುರುವಾಗುವಾಗ ರಕ್ತದ ಪ್ರೊಜೆಸ್ಟರಾನ್ ಬೀಳುವುದೇ ಇಲ್ಲ. ಮಾಸು ಹೊರಬಂದ ಮೇಲೆಯೇ ಬೀಳುವುದು. ಸ್ನಾಯುವಿನಲ್ಲಿ ರಿಸೆಪ್ಟರಿನ ಎ ಮತ್ತು ಬಿ ರೂಪಗಳ ಅನುಪಾತ ಬದಲಾಗಿ, ಹಾರ್ಮೋನ್ ಇದ್ದೂ ಇಲ್ಲದಂತಾಗುತ್ತದೆ.

ಪ್ರಶ್ನೆಪೆಟ್ಟಿಗೆ

ಹಾಗಾದ್ರೆ ಮೇಡಂ, "ಬದಲಾಯಿಸುವುದು ನಿಲ್ಲಿಸಲು" ಅನ್ನುವ ನಿಮ್ಮ ಮಾತು ಎಲ್ಲ ಪ್ರಾಣಿಗಳಿಗೂ ಹೊಂದುತ್ತದಾ? 5-ಆಲ್ಫಾ ಎಂಜೈಮ್ ಪ್ರೊಜೆಸ್ಟರಾನನ್ನು ಒಡೆದರೆ ಸಿಗುವ ವಸ್ತು ಯಾವಾಗಲೂ ಸಪ್ಪೆಯೇ?

ಕಿಣ್ವಕಾಂತೆ

ಸಿಕ್ಕಿಬಿದ್ದೆ. ಇಲ್ಲ, ಹೊಂದುವುದಿಲ್ಲ. ಕುದುರೆ ಮತ್ತು ಆನೆ ನನ್ನ ಸೂತ್ರವನ್ನು ಒದ್ದು ಬೀಳಿಸುತ್ತವೆ.

ಗಬ್ಬದ ಕುದುರೆಯಲ್ಲಿ ಎರಡನೇ ಅರ್ಧದ ಹೊತ್ತಿಗೆ ರಕ್ತದಲ್ಲಿ ಪ್ರೊಜೆಸ್ಟರಾನ್ ಹುಡುಕಿದರೂ ಸಿಗದಷ್ಟು ಕಡಿಮೆ. ಆದರೂ ಮರಿ ನಿಲ್ಲುತ್ತದೆ. ಅದನ್ನು ಹಿಡಿದಿಡುವುದು 5-ಆಲ್ಫಾ-ಡೈಹೈಡ್ರೊಪ್ರೊಜೆಸ್ಟರಾನ್, ಅಂದರೆ ಅದೇ ಎಂಜೈಮಿನಿಂದ ಬಂದ ವಸ್ತು. ಕುದುರೆಯ ರಿಸೆಪ್ಟರಿಗೆ ಅದು ಪ್ರೊಜೆಸ್ಟರಾನಿನಷ್ಟೇ ಚೆನ್ನಾಗಿ ಕೂರುತ್ತದೆ. 2014ರ ಒಂದು ಅಧ್ಯಯನದಲ್ಲಿ ಅದೊಂದನ್ನೇ ಕೊಟ್ಟು ಗಬ್ಬ ಉಳಿಸಿ ತೋರಿಸಿದರು. ಆನೆಯ ಹಳದಿ ಗಂಟು ಹೆಚ್ಚಾಗಿ ಬಿಡುವುದೂ ಇಂಥದ್ದನ್ನೇ, ಪ್ರೊಜೆಸ್ಟರಾನ್ ಅಲ್ಲ. ಸುಮಾರು 22 ತಿಂಗಳ ಬಸಿರು ನಡೆಯುವುದು ಅದರ ಬಲದ ಮೇಲೆ. ಚಿಟ್ಟಿಲಿಯ ಗರ್ಭಕೋಶದ ಕೊರಳಿಗೆ ಕಸ, ಕುದುರೆಗೆ ಕಸುವು.

ಹಟ್ಟಿಡಾಕ್ಟ್ರು

ಒಂದು ನಿಮಿಷ ಮೇಡಂ. ಗಬ್ಬದ ಕುದುರೆಗಳ ಪ್ರೊಜೆಸ್ಟರಾನ್ ರಿಪೋರ್ಟ್ ನಾನು ನೋಡಿದ್ದೇನೆ. ಎಂಟನೇ ತಿಂಗಳಲ್ಲೂ ಸಂಖ್ಯೆ ಬಂದಿರುತ್ತದೆ, ಸೊನ್ನೆ ಅಲ್ಲ.

ಕಿಣ್ವಕಾಂತೆ

ಆ ಕಿಟ್‌ಗಳು ಪ್ರತಿಕಾಯ ಬಳಸಿ ಅಳೆಯುತ್ತವೆ ಡಾಕ್ಟ್ರೇ. ಪ್ರತಿಕಾಯಕ್ಕೆ ಅಣ್ಣ ತಮ್ಮಂದಿರ ಮುಖ ಒಂದೇ ಥರ ಕಾಣುತ್ತದೆ, ಡೈಹೈಡ್ರೊ ರೂಪವನ್ನೂ ಪ್ರೊಜೆಸ್ಟರಾನ್ ಅಂತಲೇ ಎಣಿಸಿಬಿಡುತ್ತದೆ. ಮಾಸ್ ಸ್ಪೆಕ್ಟ್ರೊಮೀಟರಿನಲ್ಲಿ ಬೇರೆ ಬೇರೆಯಾಗಿ ಅಳೆದರೆ ನಿಜವಾದ ಪ್ರೊಜೆಸ್ಟರಾನ್ ಅಲ್ಲಿ ಇರುವುದೇ ಇಲ್ಲ.

ಹಟ್ಟಿಡಾಕ್ಟ್ರು

ಅಂದರೆ ಇಷ್ಟು ವರ್ಷ ನಾನು ತಮ್ಮನ ಅಂಕಪಟ್ಟಿಯನ್ನು ಅಣ್ಣನದು ಅಂತ ಓದಿದ್ದೇನೆ.

ಪ್ರಶ್ನೆಪೆಟ್ಟಿಗೆ

ಹಾಗಂತ ಓದಿದರೂ ಮರಿ ನಿಂತಿದೆಯೋ ಇಲ್ಲವೋ ಅನ್ನುವುದು ಸರಿಯಾಗಿಯೇ ತಿಳಿಯುತ್ತಿತ್ತಲ್ವಾ ಸರ್, ರಿಸೆಪ್ಟರೂ ಅದನ್ನೇ ಎಣಿಸುತ್ತಿತ್ತಲ್ಲ?

ಕಿಣ್ವಕಾಂತೆ

ಹೌದು. ಕಿಟ್ ಮಾಡಿದ ತಪ್ಪು, ಕುದುರೆಯ ಗರ್ಭಕೋಶ ಮಾಡುವ ಲೆಕ್ಕಕ್ಕೆ ಹತ್ತಿರವಾಗಿತ್ತು.